ತೂತಾದ ಗಾಳಿದೋಣಿಗೆ ಯಾವ ಅಂಟು?

ಮಕ್ಕಳೇ,

ಬಾಳೂರಿನ ಏರುದಾರಿಯಲ್ಲಿ ಎಂದಾದರೂ ನಿಮ್ಮ ಸೈಕಲ್ ಪಂಕ್ಚರ್ ಆಗಿದೆಯೇ? ಅಂಗಡಿಯವರು ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗ ಹುಡುಕುತ್ತಾರೆ. ಅಲ್ಲಿ ಒರೆಸಿ, ಉಜ್ಜಿ, ಸೊಲ್ಯೂಷನ್ ಸವರುತ್ತಾರೆ. ಸ್ವಲ್ಪ ಆರಿದ ಮೇಲೆ ಪ್ಯಾಚ್ ಒತ್ತುತ್ತಾರೆ. ಸೈಕಲ್ ಮತ್ತೆ ಸಿದ್ಧ!

ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಭದ್ರಾ ನದಿಯಲ್ಲಿ ಗಾಳಿ ತುಂಬಿದ ರಾಫ್ಟಿಂಗ್ ದೋಣಿಗಳು ಓಡುತ್ತವೆ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ರಾಜ್ಯದ ಹಲವು ಊರುಗಳ ಜನರನ್ನು ಕಾಪಾಡಲು ಬಳಸಿದ್ದೂ ಇಂಥ ದೋಣಿಗಳನ್ನೇ. ಇವು ತೂತಾದರೆ ಸೈಕಲ್ ಸೊಲ್ಯೂಷನ್ ಸಾಕೇ? ಸಾಲದು. ಮೊದಲಿಗೆ ಅಂಟಿದಂತೆ ಕಾಣುವ ಪ್ಯಾಚ್ ನಡುನೀರಿನಲ್ಲಿ ಕಿತ್ತು ಬರಬಹುದು. ದೋಣಿಯಲ್ಲಿ ಕುಳಿತವರ ಪ್ರಾಣದ ಪ್ರಶ್ನೆ ಇದು.

ಏಕೆ ಹೀಗೆ?

ರಬ್ಬರಿನ ಅಣುಗಳು ಶ್ಯಾವಿಗೆಯ ಎಳೆಗಳಂತೆ ಉದ್ದವಾಗಿರುತ್ತವೆ. ಸೊಲ್ಯೂಷನ್ ಎಂದರೆ ಬೇಗ ಆರುವ ದ್ರವದಲ್ಲಿ ಕರಗಿಸಿದ ರಬ್ಬರ್. ಅದರ ಎಳೆಗಳು ಟ್ಯೂಬಿನ ಎಳೆಗಳೊಂದಿಗೆ ಹೆಣೆದುಕೊಳ್ಳುತ್ತವೆ. ದ್ರವ ಆವಿಯಾದ ಮೇಲೆ ಹಿಡಿತ ಉಳಿಯುತ್ತದೆ.

ಆದರೆ ಅನೇಕ ಗಾಳಿದೋಣಿಗಳು ರಬ್ಬರಿನವಲ್ಲ, ಪಿ.ವಿ.ಸಿ. ಪ್ಲಾಸ್ಟಿಕ್‌ನವು. ನೀರಿನ ಪೈಪೂ ಪಿ.ವಿ.ಸಿ.ಯೇ. ದೋಣಿಯ ಪಿ.ವಿ.ಸಿ.ಗೆ ಎಣ್ಣೆಯಂಥ ವಸ್ತು ಬೆರೆಸಿ ಮೆತುವಾಗಿಸಿರುತ್ತಾರೆ. ಈ ವಸ್ತು ನಿಧಾನವಾಗಿ ಹೊರಗೆ ಜಿನುಗಿ, ರಬ್ಬರ್ ಅಂಟನ್ನು ಮೆದುವಾಗಿಸಿ ಹಿಡಿತ ತಪ್ಪಿಸುತ್ತದೆ. ಆದ್ದರಿಂದ ಪಿ.ವಿ.ಸಿ. ದೋಣಿಗೆ ಪಾಲಿಯುರೆಥೇನ್ ಅಂಟು ಬೇಕು.

ಹೈಪಲಾನ್ ಎಂಬ ಕೃತಕ ರಬ್ಬರಿನ ದೋಣಿಗಳೂ ಇವೆ. ಅವಕ್ಕೆ ನಿಯೋಪ್ರೀನ್ ರಬ್ಬರಿನ ಅಂಟು ಹೊಂದುತ್ತದೆ. ದೋಣಿ ಯಾವುದರಿಂದ ಆಗಿದೆ ಎಂಬುದನ್ನು ಅದರೊಂದಿಗೆ ಬಂದ ಕೈಪಿಡಿಯಲ್ಲಿ ನೋಡಬೇಕು. ಪ್ಯಾಚ್ ಕೂಡ ಅದೇ ವಸ್ತುವಿನದಾಗಿರಬೇಕು.

ಕ್ಷಣದಲ್ಲಿ ಅಂಟುವ ಗೋಂದು ಆಗದೇ? ಅದು ಒಣಗಿದರೆ ಗಾಜಿನಂತೆ ಗಡಸು. ದೋಣಿಯೋ ಅಲೆಗೆ ಬಾಗುತ್ತದೆ, ಮಡಚಿಕೊಳ್ಳುತ್ತದೆ. ಆಗ ಗೋಂದು ಬಿರುಕು ಬಿಡುತ್ತದೆ. ಪೈಪ್ ಜೋಡಿಸುವ ಅಂಟೂ ಇದೇ ಕಾರಣಕ್ಕೆ ಬೇಡ.

ಮಳೆಯೂ ಒಂದು ಶತ್ರು

ಸರಿಯಾದ ಅಂಟು ಸಿಕ್ಕರೂ ಅವಸರ ಸಲ್ಲದು. ಗಾಳಿ ತೆಗೆದು, ದೋಣಿಯನ್ನು ಒಣಗಿಸಬೇಕು. ತೂತಿನ ಸುತ್ತ ಸುಮಾರು 5 ಸೆಂ.ಮೀ. ಜಾಗ ಉಜ್ಜಿ, ಎಣ್ಣೆ ಧೂಳು ಇಲ್ಲದಂತೆ ಒರೆಸಬೇಕು. ದೋಣಿಗೂ ಪ್ಯಾಚಿಗೂ ತೆಳುವಾಗಿ ಅಂಟು ಸವರಿ, ಕೈಗೆ ಅಂಟಂಟು ಎನ್ನಿಸುವವರೆಗೆ ಕಾದು, ಗಾಳಿಗುಳ್ಳೆ ಉಳಿಯದಂತೆ ಒತ್ತಬೇಕು. ಬಳಿಕ ಕನಿಷ್ಠ 24 ಗಂಟೆ ಗಾಳಿ ತುಂಬಬಾರದು.

ಹೇಮಾವತಿಯಲ್ಲಿ ಮಿಂದು ಮೇಲೆ ಬಂದಾಗ ಚಳಿಯಾಗುತ್ತದಲ್ಲವೇ? ಮೈಮೇಲಿನ ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುತ್ತದೆ. ಅಂಟಿನ ದ್ರವ ಆರುವಾಗಲೂ ಹೀಗೆಯೇ ಮೇಲ್ಮೈ ತಣ್ಣಗಾಗುತ್ತದೆ. ನಮ್ಮ ಮಲೆನಾಡಿನ ಜುಲೈ ತಿಂಗಳ ಒದ್ದೆ ಗಾಳಿಯಲ್ಲಿ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರಬಹುದು. ಆಗ ಹಿಡಿತ ದುರ್ಬಲ. ಹಾಗಾಗಿ ಮಳೆಗಾಲದ ದೋಣಿಯನ್ನು ಬೇಸಿಗೆಯಲ್ಲೇ ಸರಿಪಡಿಸಿ ಇಡುವುದು ಜಾಣತನ.

ಎಚ್ಚರಿಕೆ: ಈ ಅಂಟುಗಳ ಆವಿ ಆರೋಗ್ಯಕ್ಕೆ ಹಾನಿಕರ, ಬೆಂಕಿಯೂ ಹತ್ತುತ್ತದೆ. ಇದು ದೊಡ್ಡವರು ಬಯಲಿನಲ್ಲಿ ಮಾಡುವ ಕೆಲಸ.

ಮಾಡಿ ನೋಡಿ

ಅನ್ನದ ಅಗುಳು ಹಿಸುಕಿ ಎರಡು ಕಾಗದದ ಚೂರುಗಳನ್ನು ಅಂಟಿಸಿ. ಹಾಗೆಯೇ ಎರಡು ಪ್ಲಾಸ್ಟಿಕ್ ಚೂರುಗಳನ್ನು ಅಂಟಿಸಿ. ಮರುದಿನ ಎಳೆದು ನೋಡಿ. ಯಾವುದು ಸುಲಭವಾಗಿ ಬಿಟ್ಟಿತು? ಕಾಗದದ ಜೋಡಿಯನ್ನು ನೀರಿನಲ್ಲಿ ನೆನೆಸಿ ಮತ್ತೆ ಎಳೆಯಿರಿ. ಈಗ ಏನಾಯಿತು? ಕಂಡದ್ದನ್ನು ಪುಸ್ತಕದಲ್ಲಿ ಬರೆಯಿರಿ.

ಎಲ್ಲಕ್ಕೂ ಹೊಂದುವ ಒಂದೇ ಅಂಟು ಇಲ್ಲ. ಮೊದಲು ವಸ್ತು ಯಾವುದೆಂದು ತಿಳಿಯಿರಿ, ಅದು ನೀರು, ಬಿಸಿಲು, ಎಳೆತಗಳಲ್ಲಿ ಏನನ್ನು ತಡೆಯಬೇಕೆಂದು ಕೇಳಿಕೊಳ್ಳಿ. ಅಂಟನ್ನು ಆರಿಸುವುದು ಆಮೇಲೆ.