ಹೆಸರು ಒಂದೇ, ಕಾರ್ಡ್ ಬೇರೆ: ಜಿಟಿಎಕ್ಸ್ 1060 ಮತ್ತು ಆರ್‌ಎಕ್ಸ್ 580 ಕುರಿತ ತಪ್ಪು ಕಲ್ಪನೆಗಳು

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹುಡುಕುವವರ ನಡುವೆ ಎನ್ವಿಡಿಯಾದ ಜಿಟಿಎಕ್ಸ್ 1060 ಒಳ್ಳೆಯದೋ ಎಎಂಡಿಯ ಆರ್‌ಎಕ್ಸ್ 580 ಒಳ್ಳೆಯದೋ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಮೊದಲನೆಯದು 2016ರ ಜುಲೈನಲ್ಲಿ 249 ಡಾಲರ್ ಬೆಲೆಗೆ ಬಂತು. ಎರಡನೆಯದು 2017ರ ಏಪ್ರಿಲ್‌ನಲ್ಲಿ, 8 ಜಿಬಿ ಮೆಮೊರಿಯೊಂದಿಗೆ 229 ಡಾಲರ್‌ಗೆ ಬಂತು. 1060 ಎಷ್ಟು ಮನೆಗಳನ್ನು ಹೊಕ್ಕಿತೆಂದರೆ, ಸ್ಟೀಮ್‌ನ ಹಾರ್ಡ್‌ವೇರ್ ಸಮೀಕ್ಷೆಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. 2022ರ ಕೊನೆಗೆ ಜಿಟಿಎಕ್ಸ್ 1650 ಅದನ್ನು ಹಿಂದಿಕ್ಕಿತು. ಇಷ್ಟು ಬಳಕೆಯಲ್ಲಿದ್ದ ಕಾರ್ಡ್‌ಗಳ ಸುತ್ತ ನಂಬಿಕೆಗಳೂ ಹುತ್ತಗಟ್ಟುವುದು ಸಹಜ. ಟೆರಾಫ್ಲಾಪ್ ಜಾಸ್ತಿ ಇದ್ದದ್ದೇ ವೇಗದ್ದು, ಜಿಬಿ ಜಾಸ್ತಿ ಇದ್ದದ್ದೇ ಲೇಸು, ಮೈನಿಂಗ್ ಮಾಡಿದ ಕಾರ್ಡ್ ಮುಟ್ಟಲೇಬಾರದು, ಎಎಂಡಿ ಕಾರ್ಡ್ ಹಳೆಯದಾದಷ್ಟೂ ಬಲಿಯುತ್ತದೆ ಎಂಬಂಥವು. ಒಂದೊಂದರಲ್ಲೂ ಚೂರು ನಿಜವಿದೆ, ಅದಕ್ಕೇ ಅವು ಇಷ್ಟು ಕಾಲ ಬಾಳಿವೆ. ಆದರೆ ಇವೆಲ್ಲ ಕೊಳ್ಳುವವರ ಗಮನವನ್ನು ತಪ್ಪು ಜಾಗಕ್ಕೆ ಎಳೆಯುತ್ತವೆ. ಈ ಎರಡು ಹೆಸರುಗಳ ನಡುವೆ ಇರುವ ಅಂತರ ಸಣ್ಣದು. ಒಂದೇ ಹೆಸರಿನಡಿ ಮಾರಾಟವಾಗುವ ಎರಡು ಕಾರ್ಡ್‌ಗಳ ನಡುವಿನ ಅಂತರ ಅದಕ್ಕಿಂತ ದೊಡ್ಡದಾಗಬಹುದು. ಹಣ ಉಳಿಯುವುದೂ ಮುಳುಗುವುದೂ ಅಲ್ಲೇ.

ಮೊದಲು ಲೆಕ್ಕದ ಅಂಕಿಗಳನ್ನೇ ನೋಡೋಣ. ಆರ್‌ಎಕ್ಸ್ 580ರಲ್ಲಿ 2304 ಶೇಡರ್ ಘಟಕಗಳಿವೆ, 1060ರ 6 ಜಿಬಿ ಆವೃತ್ತಿಯಲ್ಲಿ 1280. ಗರಿಷ್ಠ ವೇಗದಲ್ಲಿ ಒಂದು ಸುಮಾರು 6.2 ಟೆರಾಫ್ಲಾಪ್, ಇನ್ನೊಂದು ಸುಮಾರು 4.4. ಕಾಗದದ ಮೇಲೆ ಎಎಂಡಿ ಶೇಕಡ 40ರಷ್ಟು ಮುಂದೆ. ಇದನ್ನೇ ನೆಚ್ಚಿಕೊಂಡವರು 580 ಏಕೆ ಪ್ರತಿ ಗೇಮ್‌ನಲ್ಲೂ ಅಷ್ಟು ಮುಂದೆ ಹೋಗಲಿಲ್ಲ ಎಂದು ಅಚ್ಚರಿಪಡುತ್ತಾರೆ, ಕೆಲವರು ಎನ್ವಿಡಿಯಾ ಮೋಸ ಮಾಡಿದೆ ಎಂದೂ ತೀರ್ಮಾನಿಸುತ್ತಾರೆ. ವಾಸ್ತವದಲ್ಲಿ ಟೆರಾಫ್ಲಾಪ್ ಹೇಳುವುದು ಗುಣಾಕಾರ-ಸಂಕಲನದ ಸಾಮರ್ಥ್ಯವನ್ನು ಮಾತ್ರ. ಚಿತ್ರ ಪರದೆಗೆ ಬರಬೇಕಾದರೆ ತ್ರಿಕೋನಗಳನ್ನು ಕತ್ತರಿಸಬೇಕು, ಕಾಣದಿರುವುದನ್ನು ಕೈಬಿಡಬೇಕು, ಕೊನೆಗೆ ಪಿಕ್ಸೆಲ್‌ಗಳನ್ನು ಮೆಮೊರಿಗೆ ಬರೆಯಬೇಕು. ಈ ಬರೆಯುವ ಕೆಲಸದ ಘಟಕಗಳು 1060ರಲ್ಲಿ 48, 580ರಲ್ಲಿ 32. ಜತೆಗೆ 1060ರ ಚಿಪ್ ಓಡುವುದು 1.7 ಗಿಗಾಹರ್ಟ್ಸ್‌ನಲ್ಲಿ, 580ರದ್ದು 1.34ರಲ್ಲಿ. ಗುಣಿಸಿ ನೋಡಿದರೆ ಪಿಕ್ಸೆಲ್ ಬರೆಯುವ ಸಾಮರ್ಥ್ಯದಲ್ಲಿ 1060 ಹೆಚ್ಚುಕಡಿಮೆ ಎರಡರಷ್ಟಿದೆ. ಮೆಮೊರಿಯ ಹರಿವಿನಲ್ಲಿ 580 ಸೆಕೆಂಡಿಗೆ 256 ಜಿಬಿ, 1060 ಬರೇ 192. ಆದರೆ 1060ರ ಪಾಸ್ಕಲ್ ವಿನ್ಯಾಸ ಬಣ್ಣದ ಮಾಹಿತಿಯನ್ನು ಹೆಚ್ಚು ಬಿಗಿಯಾಗಿ ಕುಗ್ಗಿಸಿ ಸಾಗಿಸುವುದರಿಂದ ಆ ಕೊರತೆಯ ಬಹುಭಾಗ ತುಂಬಿಹೋಗುತ್ತದೆ. ಒಬ್ಬರ ಬಲ ಒಂದು ಕಡೆ, ಇನ್ನೊಬ್ಬರದು ಇನ್ನೊಂದು ಕಡೆ. ಒಂದೇ ಅಂಕಿಯಿಂದ ಎರಡನ್ನೂ ತೂಗಲು ಹೋದರೆ ತಪ್ಪುವುದು ತಕ್ಕಡಿಯೇ.

ಯಾವ ಗೇಮ್ ಆಡುತ್ತೀರಿ ಎಂಬುದರ ಮೇಲೆ ಗೆಲುವು ಬದಲಾಗುವುದೂ ಇದೇ ಕಾರಣಕ್ಕೆ. ಡೈರೆಕ್ಟ್‌ಎಕ್ಸ್ 11 ಕಾಲದ ಗೇಮ್‌ಗಳಲ್ಲಿ ಎನ್ವಿಡಿಯಾದ ಡ್ರೈವರ್ ಕೆಲಸವನ್ನು ಪ್ರೊಸೆಸರ್‌ನ ಹಲವು ಕೋರ್‌ಗಳಿಗೆ ಹಂಚುವುದರಲ್ಲಿ ನುರಿತದ್ದು, ಹಾಗಾಗಿ ಸಾಧಾರಣ ಪ್ರೊಸೆಸರ್ ಇದ್ದವರಿಗೆ 1060 ಹಿತವೆನಿಸುತ್ತಿತ್ತು. ಆದರೆ 2016ರಲ್ಲೇ ಡೂಮ್ ಗೇಮ್‌ಗೆ ವಲ್ಕನ್ ಎಂಬ ಹೊಸ ಗ್ರಾಫಿಕ್ಸ್ ವ್ಯವಸ್ಥೆಯ ಬೆಂಬಲ ಬಂದಾಗ ಎಎಂಡಿಯ ರೇಡಿಯಾನ್ ಕಾರ್ಡ್‌ಗಳ ಫ್ರೇಮ್ ಸಂಖ್ಯೆ ಎದ್ದು ಕಾಣುವಷ್ಟು ಏರಿತು. ವಲ್ಕನ್ ಮತ್ತು ಡೈರೆಕ್ಟ್‌ಎಕ್ಸ್ 12 ಹೆಚ್ಚಿದಂತೆಲ್ಲ 580ರ ನಿದ್ದೆ ಹೋಗಿದ್ದ ಶೇಡರ್‌ಗಳಿಗೆ ಕೆಲಸ ಸಿಕ್ಕಿತು. ಬಿಡುಗಡೆಯ ಹೊತ್ತಿಗೆ ಹೆಚ್ಚುಕಡಿಮೆ ಸಮವಾಗಿದ್ದ ಜೋಡಿಯಲ್ಲಿ ನಂತರದ ವರ್ಷಗಳ ಪರೀಕ್ಷೆಗಳು 580ಅನ್ನು ಸರಾಸರಿ ಶೇಕಡ 10ರ ಆಸುಪಾಸು ಮುಂದಿಟ್ಟವು. ಎಎಂಡಿ ಕಾರ್ಡ್ ಹಳೆಯದಾದಷ್ಟೂ ಬಲಿಯುತ್ತದೆ ಎಂಬ ನಂಬಿಕೆಯ ಬೇರು ಇಲ್ಲಿದೆ. ಆದರೆ ಕಾರಣವನ್ನು ಗಮನಿಸಬೇಕು: ಗೇಮ್‌ಗಳು ಬರೆಯಲ್ಪಡುವ ರೀತಿ ಬದಲಾಯಿತು, ಕಾರ್ಡ್‌ಗೆ ಹೊಸ ಶಕ್ತಿ ಬರಲಿಲ್ಲ. ಹಾಗೆ ಸಿಕ್ಕ ಲಾಭವೂ 1080ಪಿ ಪರದೆಯಲ್ಲಿ 60 ಫ್ರೇಮ್ ಇದ್ದದ್ದು 66 ಆಗುವ ಮಟ್ಟದ್ದು. ಜಿಟಿಎ 5 ಅಥವಾ ವ್ಯಾಲರಂಟ್ ಆಡುವವರಿಗೆ ಎರಡರಲ್ಲಿ ಯಾವುದಾದರೂ ಬೇಕಾದಷ್ಟು ಫ್ರೇಮ್ ಕೊಡುತ್ತದೆ. ಅಲ್ಲಿ ಪ್ರೊಸೆಸರ್‌ನ ಶಕ್ತಿಯೇ ಮೊದಲು ಮುಗಿಯುವುದು.

ಇನ್ನು ಜಿಬಿ ಮಾತು. ನಮ್ಮಲ್ಲಿ ಗ್ರಾಫಿಕ್ಸ್ ಕಾರ್ಡ್ ಕೇಳುವ ರೂಢಿಯೇ 'ನಾಲ್ಕು ಜಿಬಿ ಕಾರ್ಡ್', 'ಎಂಟು ಜಿಬಿ ಕಾರ್ಡ್' ಎಂದು. ಈ ರೂಢಿಯ ಲಾಭ ಪಡೆದೇ ಜಿಟಿ 730ರಂಥ ದುರ್ಬಲ ಕಾರ್ಡ್‌ಗೆ 4 ಜಿಬಿ ನಿಧಾನದ ಮೆಮೊರಿ ಅಂಟಿಸಿ ಮಾರಲಾಯಿತು. 2 ಜಿಬಿಯ ಜಿಟಿಎಕ್ಸ್ 750 ಟಿಐ ಅದನ್ನು ಲೀಲಾಜಾಲವಾಗಿ ಸೋಲಿಸುತ್ತದೆ. ಮೆಮೊರಿ ಎಂದರೆ ಅಡುಗೆಕಟ್ಟೆಯ ಅಗಲವಿದ್ದಂತೆ. ಕಟ್ಟೆ ದೊಡ್ಡದಾದ ಮಾತ್ರಕ್ಕೆ ಅಡುಗೆಯವರ ಕೈ ಚುರುಕಾಗುವುದಿಲ್ಲ, ಸಾಮಾನು ಹಿಡಿಸದಷ್ಟು ಚಿಕ್ಕದಾದರೆ ಮಾತ್ರ ಪದೇಪದೇ ಉಗ್ರಾಣಕ್ಕೆ ಓಡಾಡಿ ಕೆಲಸ ಕೆಡುತ್ತದೆ. ಅಂದರೆ 580ರ 8 ಜಿಬಿ ಅದನ್ನು 1060ರ 6 ಜಿಬಿಗಿಂತ ವೇಗವಾಗಿಸಿಲ್ಲ. ಆದರೆ ಟೆಕ್ಸ್‌ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಮೇಲಿಡಲು ಬಿಡುತ್ತದೆ, ಮತ್ತು ಟೆಕ್ಸ್‌ಚರ್ ಏರಿಸುವುದಕ್ಕೆ ಫ್ರೇಮ್‌ನಲ್ಲಿ ತೆರುವ ಬೆಲೆ ತೀರ ಕಡಿಮೆ. ಹಳೆಯ ಕಾರ್ಡ್‌ನಲ್ಲಿ ಹೊಸ ಗೇಮ್ ಕಣ್ಣಿಗೆ ಚೆನ್ನಾಗಿ ಕಾಣುವಂತೆ ಮಾಡುವ ಅಗ್ಗದ ದಾರಿ ಇದೇ ಆದ್ದರಿಂದ, ಈ ಒಂದು ವಿಷಯದಲ್ಲಿ 580ರ ಪರ ವಾದಿಸುವವರ ಮಾತಿಗೆ ತೂಕವಿದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. '1060' ಎಂದು ಬರೆದಿದ್ದರೆ ಅದು 1060, '580' ಎಂದಿದ್ದರೆ 580 ಎಂಬುದೇ ಎಲ್ಲಕ್ಕಿಂತ ದುಬಾರಿ ತಪ್ಪು ಕಲ್ಪನೆ. 2016ರ ಆಗಸ್ಟ್‌ನಲ್ಲಿ ಎನ್ವಿಡಿಯಾ 199 ಡಾಲರ್‌ಗೆ 1060ರ 3 ಜಿಬಿ ಆವೃತ್ತಿ ತಂದಿತು. ಬರೇ ಮೆಮೊರಿ ಅರ್ಧವಾಗಿದ್ದರೆ ಹೆಸರು ಉಳಿಸಿಕೊಂಡದ್ದನ್ನು ಒಪ್ಪಬಹುದಿತ್ತು. ಚಿಪ್‌ನಲ್ಲೂ ಕತ್ತರಿ ಆಡಿಸಿ 1280ರ ಬದಲು 1152 ಕೋರ್‌ಗಳನ್ನಷ್ಟೇ ಉಳಿಸಲಾಗಿತ್ತು. ಅದು ಬೇರೆಯೇ ಕಾರ್ಡ್, ಬೇರೆಯೇ ಹೆಸರಿಗೆ ತಕ್ಕದ್ದು. ಆ ದಿನಗಳ ಗೇಮ್‌ಗಳಲ್ಲಿ ವ್ಯತ್ಯಾಸ ಶೇಕಡ 10ರೊಳಗೇ ಇತ್ತು, ಹಾಗಾಗಿ ಗದ್ದಲ ಬೇಗ ಅಡಗಿತು. ಆದರೆ 3 ಜಿಬಿ ಎಂಬ ಗೋಡೆ ವರ್ಷ ಕಳೆದಂತೆ ಹತ್ತಿರವಾಗುತ್ತ ಬಂತು. 2020ರ ಡೂಮ್ ಇಟರ್ನಲ್, ಕಾರ್ಡ್‌ನ ಮೆಮೊರಿಗೆ ಮೀರಿದ ಸೆಟ್ಟಿಂಗ್‌ಗಳನ್ನು ಆಯ್ದುಕೊಳ್ಳಲೇ ಬಿಡುತ್ತಿರಲಿಲ್ಲ. ತಡೆಯದೆ ಬಿಡುವ ಗೇಮ್‌ಗಳಲ್ಲಿ ಸರಾಸರಿ ಫ್ರೇಮ್ ಪರವಾಗಿಲ್ಲ ಎನ್ನಿಸಿದರೂ ನಡುನಡುವೆ ಚಿತ್ರ ಗಕ್ಕನೆ ನಿಂತು ಮುಂದೆ ಸಾಗುತ್ತದೆ, ಆಡುವವರ ಸಹನೆ ಕೆಡಿಸುವುದು ಆ ತಡವರಿಕೆಯೇ.

ಎಎಂಡಿ ಕಡೆಯ ಕಥೆ ಇನ್ನೂ ಗೋಜಲು. 2018ರಲ್ಲಿ ಚೀನಾದ ಮಾರುಕಟ್ಟೆಗೆಂದು 'ಆರ್‌ಎಕ್ಸ್ 580 2048ಎಸ್‌ಪಿ' ಎಂಬ ಕಾರ್ಡ್ ಬಂತು. ಹೆಸರಿನ ಬಾಲದಲ್ಲಿರುವ ಅಂಕಿಯೇ ಸತ್ಯ ಹೇಳುತ್ತದೆ: ಅದರಲ್ಲಿರುವುದು 2304 ಅಲ್ಲ, 2048 ಶೇಡರ್‌ಗಳು, ಅಂದರೆ ಆರ್‌ಎಕ್ಸ್ 570ರ ಲೆಕ್ಕ. ಆ ಕಾರ್ಡ್‌ಗಳು ಚೀನಾದಲ್ಲೇ ಉಳಿಯಲಿಲ್ಲ. ಹೆಸರು ಕೇಳದ ಬ್ರ್ಯಾಂಡ್‌ಗಳ ಡಬ್ಬಿಗಳಲ್ಲಿ ಭಾರತದ ಆನ್‌ಲೈನ್ ಮಳಿಗೆಗಳಿಗೂ ಬಂದವು, ಸಾಗಿ ಬರುವಾಗ ಹೆಸರಿನ ಬಾಲ ಎಷ್ಟೋ ಸಲ ಉದುರಿಹೋಗಿತ್ತು. ಹೊಚ್ಚಹೊಸ ಡಬ್ಬಿಯಲ್ಲಿ, ಅಗ್ಗದ ಬೆಲೆಗೆ, 8 ಜಿಬಿಯ 580 ಎಂದು ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ ಶೇಡರ್ ಎಷ್ಟು ಎಂಬುದು. ಅವು ಕೆಟ್ಟ ಕಾರ್ಡ್‌ಗಳೇನಲ್ಲ. 570ರ ಬೆಲೆಗೆ ಸಿಕ್ಕರೆ ಧಾರಾಳವಾಗಿ ಕೊಳ್ಳಬಹುದು. ಆದರೆ ಅಪ್ಪಟ 580 ಹಾಗೂ ಅಪ್ಪಟ 1060ರ ನಡುವೆ ಇರುವ ಶೇಕಡ 10ರ ಅಂತರವನ್ನು ನಂಬಿ 2048ರ ಕಾರ್ಡ್ ಕೊಂಡವರ ಕೈಯಲ್ಲಿ ಆ ಅಂತರ ಉಳಿದಿರುವುದೇ ಇಲ್ಲ. ಪರೀಕ್ಷಿಸುವುದು ಕಷ್ಟವಲ್ಲ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ತೆರೆದರೆ ಶೇಡರ್ ಸಂಖ್ಯೆ, ಮೆಮೊರಿ, ಬಸ್‌ನ ಅಗಲ ಎಲ್ಲ ಒಂದೇ ಪುಟದಲ್ಲಿ ಕಾಣುತ್ತವೆ. ಮಾರುವವರು ಆ ಪುಟದ ಚಿತ್ರ ಕಳಿಸಲು ಹಿಂದೇಟು ಹಾಕಿದರೆ ಆ ಕಾರ್ಡನ್ನು ಬಿಟ್ಟುಬಿಡುವುದೇ ಸರಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೊಳ್ಳುವವರಿಗೆ ಇನ್ನೂ ಅನುಕೂಲ, ಎದುರಿಗೇ ಹಾಕಿ ತೋರಿಸಿ ಎನ್ನಬಹುದು.

ಮೈನಿಂಗ್ ವಿಷಯದಲ್ಲಿ ಎರಡು ತುದಿಯ ನಂಬಿಕೆಗಳಿವೆ: ಅಂಥ ಕಾರ್ಡ್ ಸುಟ್ಟು ಕರಕಲಾಗಿರುತ್ತದೆ ಎನ್ನುವವರು ಒಂದು ಕಡೆ, ಅದಕ್ಕೇನೂ ಆಗುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಇಥೀರಿಯಂ ಎಂಬ ಕ್ರಿಪ್ಟೊ ಹಣದ ಮೈನಿಂಗ್ ಮೆಮೊರಿಯ ವೇಗವನ್ನು ಅವಲಂಬಿಸಿತ್ತು. 256 ಬಿಟ್ ಬಸ್ಸಿನ 580 ಅದಕ್ಕೆ ಹೇಳಿ ಮಾಡಿಸಿದಂತಿದ್ದುದರಿಂದ ಲೆಕ್ಕವಿಲ್ಲದಷ್ಟು 580ಗಳು ಆ ಕೆಲಸಕ್ಕೆ ಹೋದವು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ಪದ್ಧತಿ ಬದಲಿಸಿ ಗ್ರಾಫಿಕ್ಸ್ ಕಾರ್ಡ್‌ಗಳ ಅಗತ್ಯವನ್ನೇ ಕೈಬಿಟ್ಟಾಗ ಅವು ಗುಂಪುಗುಂಪಾಗಿ ಮಾರಾಟಕ್ಕೆ ಬಂದವು. ಲಾಭ ನೋಡುವ ಮೈನರ್ ವಿದ್ಯುತ್ ಉಳಿಸಲು ಚಿಪ್‌ನ ವೋಲ್ಟೇಜ್ ಮತ್ತು ವೇಗ ಇಳಿಸುತ್ತಾನೆ. ಒಂದೇ ಉಷ್ಣತೆಯಲ್ಲಿ ನಿಂತ ಚಿಪ್‌ಗೆ ದಿನಕ್ಕೆ ಹತ್ತು ಸಲ ಕಾದು ಆರುವ ಚಿಪ್‌ಗಿಂತ ಬೆಸುಗೆಯ ಮೇಲಿನ ಒತ್ತಡ ಕಡಿಮೆ. ಆದರೆ ಮೆಮೊರಿಯನ್ನು ಹಗಲಿರುಳು ಹೆಚ್ಚಿನ ವೇಗದಲ್ಲಿ ಓಡಿಸಿರುತ್ತಾರೆ, ಫ್ಯಾನ್‌ಗಳು ನಿಲ್ಲದೆ ತಿರುಗಿ ಸವೆದಿರುತ್ತವೆ, ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಇವುಗಳಿಗಿಂತ ಹೆಚ್ಚು ಮರೆತುಹೋಗುವ ಸಂಗತಿ ಬದಲಿಸಿದ ಬಯಾಸ್. ಮೆಮೊರಿಯ ಸಮಯಮಿತಿಗಳನ್ನು ಬಿಗಿಗೊಳಿಸಿದ ಆ ಬಯಾಸ್‌ನಲ್ಲೇ ಕಾರ್ಡ್ ಕೈಗೆ ಬಂದರೆ ಗೇಮ್ ನಡುವೆ ಪರದೆ ಕಪ್ಪಾಗುತ್ತದೆ, ಕೊಂಡವರು ಚಿಪ್ ಸತ್ತಿತೆಂದು ಭಾವಿಸುತ್ತಾರೆ. ಮೂಲ ಬಯಾಸ್ ಮರಳಿ ಬರೆದರೆ ಎಷ್ಟೋ ಸಲ ಸರಿಹೋಗುತ್ತದೆ. ಹೀಗಾಗಿ ಕಾರ್ಡ್ ಮೈನಿಂಗ್ ಮಾಡಿತ್ತೇ ಎಂದು ಕೇಳುವುದಕ್ಕಿಂತ, ಅರ್ಧ ಗಂಟೆ ಭಾರದ ಗೇಮ್ ಓಡಿಸಿ ಉಷ್ಣತೆ, ಫ್ಯಾನ್ ಸದ್ದು, ಪರದೆಯಲ್ಲಿ ಬಣ್ಣದ ಚುಕ್ಕೆಗಳು ಕಾಣುತ್ತವೆಯೇ ಎಂದು ನೋಡುವುದು ಹೆಚ್ಚು ಉಪಯುಕ್ತ. ಧೂಳು ತುಂಬಿದ ಕ್ಯಾಬಿನೆಟ್‌ನಲ್ಲಿ ಏಳು ವರ್ಷ ಬೆಂದ 'ಮನೆಬಳಕೆಯ' 1060ಕ್ಕೂ ಅದೇ ಪರೀಕ್ಷೆ ಬೇಕು.

ವಿದ್ಯುತ್ತಿನ ಬಗ್ಗೆ ಚುಟುಕಾಗಿ ಹೇಳಬಹುದು. 580ರ ಅಧಿಕೃತ ಬಳಕೆ 185 ವ್ಯಾಟ್, 1060ರದ್ದು 120. ದಿನಕ್ಕೆ 4 ಗಂಟೆ ಆಡಿದರೂ ತಿಂಗಳ ವ್ಯತ್ಯಾಸ 8 ಯೂನಿಟ್ ದಾಟುವುದಿಲ್ಲ. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 55 ರೂಪಾಯಿ. ಕರೆಂಟ್ ಬಿಲ್‌ಗೆ ಹೆದರಿ 580 ಬಿಡಬೇಕಿಲ್ಲ. ಆದರೆ ಕ್ಯಾಬಿನೆಟ್ ಜತೆ ಬಂದ ಅಗ್ಗದ ಎಸ್‌ಎಂಪಿಎಸ್ ಇದ್ದವರು ಹೊಸದೊಂದಕ್ಕೆ ಹಣ ತೆರಬೇಕಾದರೆ 580ರ ಅಗ್ಗ ಅಲ್ಲಿಗೆ ಮುಗಿಯಿತು.

ಕೊನೆಯದಾಗಿ, ಸೆಟ್ಟಿಂಗ್ ಇಳಿಸಿದರೆ ಯಾವ ಗೇಮ್ ಬೇಕಾದರೂ ಓಡುತ್ತದೆ ಎಂಬ ನಂಬಿಕೆ. ಬಹುಕಾಲ ಇದು ನಿಜವಾಗಿತ್ತು, ಈಗ ಅಲ್ಲ. 2023ರ ಅಲನ್ ವೇಕ್ 2, ಮೆಶ್ ಶೇಡರ್ ಎಂಬ ಸೌಲಭ್ಯವನ್ನು ಆಧರಿಸಿ ಬಂತು. ಅದು ಈ ಎರಡೂ ಕಾರ್ಡ್‌ಗಳಲ್ಲಿಲ್ಲ. 2024ರ ಇಂಡಿಯಾನಾ ಜೋನ್ಸ್, 2025ರ ಡೂಮ್: ದಿ ಡಾರ್ಕ್ ಏಜಸ್ ಹಾರ್ಡ್‌ವೇರ್ ರೇ ಟ್ರೇಸಿಂಗ್ ಬೇಕೇಬೇಕು ಎನ್ನುತ್ತವೆ. ಚಿತ್ರ ಹಿಗ್ಗಿಸುವ ಎಎಂಡಿಯ ಎಫ್‌ಎಸ್‌ಆರ್ ತಂತ್ರ ಎರಡೂ ಕಾರ್ಡ್‌ಗಳಲ್ಲಿ, ಎನ್ವಿಡಿಯಾದ ಈ ಹಳೆಯ ಕಾರ್ಡ್‌ನಲ್ಲೂ, ಫ್ರೇಮ್ ಏರಿಸಲು ನೆರವಾಗುತ್ತದೆ ನಿಜ. ಇಲ್ಲದ ಸೌಲಭ್ಯವನ್ನು ಅದು ಸೃಷ್ಟಿಸಲಾರದು. ಡ್ರೈವರ್ ವಿಷಯದಲ್ಲಿ 'ಎನ್ವಿಡಿಯಾ ಎಂದರೆ ನಿಶ್ಚಿಂತೆ' ಎಂಬ ಮಾತು ಭಾಗಶಃ ನಿಜವಾಯಿತು. ಎಎಂಡಿ 2023ರಲ್ಲೇ 580ರ ಪೀಳಿಗೆಯನ್ನು ಮುಖ್ಯ ಡ್ರೈವರ್‌ನಿಂದ ಬೇರ್ಪಡಿಸಿತು. ಎನ್ವಿಡಿಯಾ 2025ರವರೆಗೆ ಕೈಬಿಡಲಿಲ್ಲ, ಆಮೇಲೂ 2028ರ ಅಕ್ಟೋಬರ್‌ವರೆಗೆ ಭದ್ರತಾ ಪರಿಷ್ಕರಣೆ ಕೊಡುವುದಾಗಿ ಹೇಳಿದೆ. ಲಿನಕ್ಸ್ ಬಳಸುವವರಿಗೆ ಲೆಕ್ಕ ತಿರುವುಮುರುವು, ಅಲ್ಲಿ 580ಕ್ಕೆ ಮುಕ್ತ ಡ್ರೈವರ್ ಇದ್ದು ಕಂಪನಿಯ ಅಪ್ಪಣೆಗೆ ಕಾಯಬೇಕಿಲ್ಲ. ಬ್ಲೆಂಡರ್ ಕಲಿಯುವ ವಿದ್ಯಾರ್ಥಿಗೆ ಮಾತ್ರ 1060 ಬಿಟ್ಟು ಬೇರೆ ಮಾತಿಲ್ಲ: 2021ರ ಕೊನೆಗೆ ಬಂದ ಬ್ಲೆಂಡರ್ 3.0 ಓಪನ್‌ಸಿಎಲ್ ಕೈಬಿಟ್ಟ ಮೇಲೆ ಅದರ ಸೈಕಲ್ಸ್ ರೆಂಡರಿಂಗ್‌ಗೆ 580 ಉಪಯೋಗಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಕೊರತೆಯಿದ್ದರೆ ಈ ಕಾರ್ಡ್‌ಗಳನ್ನು ಕೊಳ್ಳುವುದೇ ವ್ಯರ್ಥವಲ್ಲವೇ ಎಂದು ಕೇಳಬಹುದು. ಆಡುವುದು ಹಳೆಯ ಗೇಮ್‌ಗಳೋ ಹೊಸವೋ ಎಂಬುದರ ಮೇಲೆ ಉತ್ತರವಿದೆ. 2022ರವರೆಗಿನ ಗೇಮ್‌ಗಳ ರಾಶಿ ಒಬ್ಬರ ಆಯುಷ್ಯಕ್ಕೆ ಸಾಲುವಷ್ಟಿದೆ, ಅವುಗಳಲ್ಲಿ ಬಹುಪಾಲನ್ನು ಇವು 1080ಪಿಯಲ್ಲಿ ಚೆನ್ನಾಗಿ ಓಡಿಸುತ್ತವೆ. ಹೊಸವು ಬೇಕೆಂದರೆ ಹೋಲಿಕೆಗೆ 2021ರ ಆರ್‌ಎಕ್ಸ್ 6600ಅನ್ನು ತಂದುಕೊಳ್ಳಬೇಕು. 132 ವ್ಯಾಟ್‌ನಲ್ಲಿ 580ರ ಇಮ್ಮಡಿಗೆ ಹತ್ತಿರದ ವೇಗ, 8 ಜಿಬಿ, ಮೆಶ್ ಶೇಡರ್, ರೇ ಟ್ರೇಸಿಂಗ್ ಎಲ್ಲ ಅದರಲ್ಲಿವೆ. ಹಳೆಯ 580 ಅಥವಾ 1060ಕ್ಕೆ ಬಳಸಿದ 6600ರ ಬೆಲೆಯ ಅರ್ಧಕ್ಕಿಂತ ಹೆಚ್ಚು ಕೇಳುತ್ತಿದ್ದರೆ ಫ್ರೇಮ್‌ಗೆ ತೆರುವ ರೂಪಾಯಿಯ ಲೆಕ್ಕದಲ್ಲೇ ಅದು ನಷ್ಟ. ಅರ್ಧಕ್ಕಿಂತ ಸಾಕಷ್ಟು ಕಡಿಮೆಗೆ 2304 ಶೇಡರ್‌ನ 580 ಅಥವಾ 6 ಜಿಬಿಯ 1060, ಎದುರಿಗೆ ಓಡಿಸಿ ತೋರಿಸಿ ಕೊಡುವವರಿಂದ ಸಿಗುವುದಾದರೆ, ಎರಡರಲ್ಲಿ ಯಾವುದು ಮೊದಲು ಸಿಗುತ್ತದೋ ಅದನ್ನು ತೆಗೆದುಕೊಳ್ಳಬಹುದು.