ಬಿಗಿದಾಗ ತಾಳಿ, ಆಮೇಲೆ ಮುರಿದ ಉಕ್ಕು

2013ರ ಮಾರ್ಚ್. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ–ಓಕ್ಲೆಂಡ್ ನಡುವಿನ ಬೇ ಬ್ರಿಜ್‌ನ ಹೊಸ ಪೂರ್ವ ಭಾಗದ ಕೆಲಸ ಮುಗಿಯುತ್ತ ಬಂದಿತ್ತು. ಭೂಕಂಪದ ಹೊಡೆತ ತಡೆಯುವ ಭಾಗಗಳನ್ನು ಕಂಬಕ್ಕೆ ಹಿಡಿದಿಡುವ, 3 ಇಂಚು ದಪ್ಪದ 96 ಉಕ್ಕಿನ ಸರಳುಗಳನ್ನು ಜಗ್ಗಿ ನಟ್ ಬಿಗಿದರು. ಎಲ್ಲವೂ ತಾಳಿಕೊಂಡವು. ಎರಡು ವಾರ ಕಳೆಯುವುದರೊಳಗೆ 32 ಸರಳುಗಳು ತುಂಡಾಗಿದ್ದವು. ಹೊಸ ಸೇತುವೆಯ ಮೇಲೆ ವಾಹನ ಸಂಚಾರ ಇನ್ನೂ ಶುರುವೇ ಆಗಿರಲಿಲ್ಲ.

ಹೀಗೆ ತಡವಾಗಿ ಮುರಿದದ್ದೇ ತನಿಖೆಗೆ ಸಿಕ್ಕ ದೊಡ್ಡ ಸುಳಿವು. ಭಾರ ತಡೆಯಲಾರದ ಉಕ್ಕಾಗಿದ್ದರೆ ಬಿಗಿಯುವಾಗಲೇ ಹೋಗಬೇಕಿತ್ತು. ಸಾವಿರಾರು ಸಲ ಅದುರಿ ದಣಿಯಲು ಅಲ್ಲಿ ಅದುರಾಟವೇ ಇರಲಿಲ್ಲ. ಒಂದೇ ಸಮನಾದ ಎಳೆತದಲ್ಲಿ ಕೆಲವು ದಿನ ಸುಮ್ಮನಿದ್ದು ಫಟ್ಟನೆ ಮುರಿಯುವ ಗಡಸು ಉಕ್ಕಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಹೈಡ್ರೋಜನ್ ಅನ್ನು.

ಅನುಮಾನಕ್ಕೆ ಸಾಕ್ಷಿ ಸಿಗುವುದು ಮುರಿದ ಮುಖದಲ್ಲಿ. ಅದನ್ನು ಉಜ್ಜಬಾರದು, ‘ಕೂಡುತ್ತದೆಯೇ ನೋಡೋಣ’ ಎಂದು ಎರಡು ತುಂಡುಗಳನ್ನು ಒತ್ತಿ ಜೋಡಿಸಲೂಬಾರದು. ಕೈ ತಾನಾಗಿ ಅದಕ್ಕೇ ಹೋಗುತ್ತದೆ, ಆದರೆ ಆ ಒಂದು ಒತ್ತಿಗೆ ಓದಬೇಕಾದ ಗುರುತುಗಳು ಅಳಿಸಿಹೋಗುತ್ತವೆ. ಮೆದು ಉಕ್ಕು ಎಳೆತಕ್ಕೆ ಹರಿಯುವ ಮೊದಲು ನಡುವೆ ಸಣ್ಣಗಾಗುತ್ತದೆ. ಇಲ್ಲಿ ಹಾಗಾಗಿರಲಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಥ್ರೆಡ್ಡಿನ ಬಳಿ ಹುಟ್ಟಿದ ಬಿರುಕು ಲೋಹದ ಹರಳುಗಳನ್ನು ಸೀಳದೆ ಅವುಗಳ ನಡುವಿನ ಗಡಿ ಹಿಡಿದು ಸಾಗಿತ್ತು. ಆ ಮುಖ ಒಡೆದ ಕಲ್ಲುಸಕ್ಕರೆಯ ಹಾಗೆ ಕಾಣುತ್ತದೆ.

ಈ ಹೈಡ್ರೋಜನ್ ಎಲ್ಲಿಂದ ಬಂತು ಎಂಬ ಬಗ್ಗೆ ತಜ್ಞರಲ್ಲಿ ವಾದ ನಡೆಯಿತು. ಮುಂದಿನ ಪರೀಕ್ಷೆಗಳು ಬೊಟ್ಟು ಮಾಡಿದ್ದು ನೀರಿನ ಕಡೆಗೆ. 2008ರಲ್ಲಿ ತಯಾರಾದ ಸರಳುಗಳು ಬಿಗಿಯುವ ಸರದಿ ಬರುವವರೆಗೆ ವರ್ಷಗಟ್ಟಲೆ ತಮ್ಮ ಗುಂಡಿಗಳಲ್ಲೇ ಇದ್ದವು, ಅಲ್ಲಿ ನೀರು ನಿಂತಿತ್ತು. ತುಕ್ಕಿನಿಂದ ಕಾಯಲೆಂದು ಬಳಿದ ಸತುವು ನೀರಿನಲ್ಲಿ ಸವೆಯುವಾಗ ಹೈಡ್ರೋಜನ್ ಪರಮಾಣುಗಳು ಹುಟ್ಟುತ್ತವೆ. ಅವು ಉಕ್ಕಿನೊಳಕ್ಕೆ ನುಸುಳಿ, ಎಳೆತ ಅತಿ ಹೆಚ್ಚಿರುವ ಕಡೆಗೆ, ಅಂದರೆ ಥ್ರೆಡ್ಡಿನ ಬುಡಕ್ಕೆ, ನಿಧಾನವಾಗಿ ಸರಿಯುತ್ತವೆ. ಮುರಿಯಲು ದಿನಗಳು ಹಿಡಿದದ್ದು ಇದರಿಂದಲೇ. ಉಕ್ಕು ಗಡಸಾದಷ್ಟೂ ಈ ಕಾಟ ಹೆಚ್ಚು, ಮೆದು ಉಕ್ಕು ಇದನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. ಮೇಲಾಗಿ ಈ ಸರಳುಗಳ ಗಡಸುತನ ಅಂಚಿಗೂ ನಡುವಿಗೂ ಒಂದೇ ಆಗಿರಲಿಲ್ಲ, ಅದು ಕುಲುಮೆಯಲ್ಲಿ ಹದ ಮಾಡುವಾಗಿನ ಕೊರತೆ. ಆದರೂ ತಪ್ಪನ್ನು ಕುಲುಮೆಯ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ ಎಂದು ನನಗನ್ನಿಸುತ್ತದೆ: ಇಷ್ಟು ಗಡಸಾದ ಉಕ್ಕಿಗೆ ಸತುವಿನ ಲೇಪ ಆರಿಸಿದವರೂ, ನೀರು ನಿಲ್ಲಲು ಬಿಟ್ಟವರೂ ಇದರಲ್ಲಿ ಪಾಲುದಾರರು.

ಮುರಿದ ಸರಳುಗಳನ್ನು ಕಿತ್ತು ಹೊಸದು ಹಾಕಲು ದಾರಿಯಿರಲಿಲ್ಲ. ಉಳಿದ 64ನ್ನೂ ನೆಚ್ಚಿಕೊಳ್ಳದೆ, ಅವುಗಳ ಕೆಲಸವನ್ನು ಜೀನಿನಂತೆ ಮೇಲೆ ಕೂತು ಒತ್ತಿಹಿಡಿಯುವ ಉಕ್ಕಿನ ಸ್ಯಾಡಲ್ ಒಂದಕ್ಕೆ ವಹಿಸಿದರು. ಅದು ಸಿದ್ಧವಾಗುವ ಮೊದಲೇ, ತಾತ್ಕಾಲಿಕ ಆಸರೆ ಕೊಟ್ಟು, ಸೆಪ್ಟೆಂಬರ್ 2ರಂದು ಸೇತುವೆಯನ್ನು ಸಂಚಾರಕ್ಕೆ ತೆರೆದರು.