ಬೆಂಗಳೂರು–ಹುಬ್ಬಳ್ಳಿ: ರೈಲಾ, ಕಾರಾ, ಫ್ಲೈಟಾ?

ಹಬ್ಬ ಹತ್ತಿರ ಬಂತು ಅಂದ್ರೆ ನನಗೆ ಬರೋ ವಾಯ್ಸ್ ಮೆಸೇಜ್‌ಗಳಲ್ಲಿ ಅರ್ಧ ಇದೇ ಪ್ರಶ್ನೆ. "ಅಣ್ಣಾ, ಹುಬ್ಬಳ್ಳಿಗೆ ಹೋಗ್ಬೇಕು, ರೈಲು ವೇಟಿಂಗ್ ಲಿಸ್ಟ್ ತೋರಿಸ್ತಿದೆ. ಫ್ಲೈಟ್ ನೋಡ್ಲಾ, ಇಲ್ಲಾ ಫ್ರೆಂಡ್ಸ್ ಜೊತೆ ಕಾರಲ್ಲೇ ಹೊರಡ್ಲಾ?" ನಾನು ಓದಿದ್ದು ಬಿ.ಕಾಂ. ಹಾಗಾಗಿ ಖರ್ಚಿನಿಂದಲೇ ಶುರು ಮಾಡ್ತೀನಿ.

ಮೊದಲು ಕಾರು. ರಸ್ತೆಯಲ್ಲಿ ಸುಮಾರು 410 ಕಿ.ಮೀ. ಲೀಟರ್‌ಗೆ 15 ಕಿ.ಮೀ. ಓಡೋ ಗಾಡಿಗೆ 27 ಲೀಟರ್ ಪೆಟ್ರೋಲ್ ಬೇಕು. ಲೀಟರ್‌ಗೆ 100 ರೂಪಾಯಿ ಅಂತ ಸುಲಭಕ್ಕೆ ಹಿಡಿದ್ರೂ 2,700 ರೂಪಾಯಿ. ದಾರಿಯುದ್ದಕ್ಕೂ ಇರೋ ಟೋಲ್ ಬೇರೆ. ನಾಲ್ಕು ಜನ ಹಂಚಿಕೊಂಡ್ರೆ ತಲೆಗೆ ಸಾವಿರದ ಒಳಗೆ ಬೀಳುತ್ತೆ. ರೈಲಿನ ಥರ್ಡ್ ಎಸಿ ಟಿಕೆಟ್ಟೂ ಸಾವಿರದ ಒಳಗೇ ಇದೆ, ಸ್ಲೀಪರ್ ಆದ್ರೆ 500ರ ಒಳಗೆ. ಅಂದ್ರೆ ಕಾರು ತುಂಬಿದ್ರೆ ಥರ್ಡ್ ಎಸಿಗೆ ಸಮ. ಒಬ್ಬರೇ ಹೋದ್ರೆ ಅದರ ಮೂರು ಪಟ್ಟಿಗಿಂತ ಹೆಚ್ಚು. ಇದರಲ್ಲಿ ಸವಕಳಿ, ಟೈರು, ಸರ್ವೀಸ್ ಏನೂ ಸೇರಿಲ್ಲ. ಇಎಂಐ ಕಟ್ಟೋ ದಿನ ಮಾತ್ರ ನಮಗೆ ಕಾರು ದುಬಾರಿ ಅನ್ಸೋದು.

ಆದ್ರೆ ಡ್ರೈವ್ ಮಾಡೋನ ಲೆಕ್ಕ ಯಾರೂ ಹಾಕಲ್ಲ. ಶುಕ್ರವಾರ ಆಫೀಸ್ ಮುಗಿಸಿ ಹೊರಟು, ಗೊರಗುಂಟೆಪಾಳ್ಯ, ಪೀಣ್ಯ, ನೆಲಮಂಗಲ ದಾಟೋಷ್ಟರಲ್ಲೇ ಅವನು ಸುಸ್ತು. ಹಿಂದೆ ಮೂವರು ಗೊರಕೆ ಹೊಡೀತಿರ್ತಾರೆ. ಚಿತ್ರದುರ್ಗ ದಾಟಿದ ಮೇಲೆ ಬೆಳಗಿನ ಜಾವ ಮೂರು ಗಂಟೆ, ನೇರ ಹೈವೇ, ಮುಂದೆ ಲಾರಿ. ನಿದ್ದೆ ಒತ್ತರಿಸಿಕೊಂಡು ಬರೋ ಹೊತ್ತು ಅದೇ. ಹಗಲಲ್ಲಿ, ಇಬ್ಬರು ಬದಲಾಯಿಸಿಕೊಂಡು ಓಡಿಸೋದಾದ್ರೆ ಕಾರು ತಗೊಳ್ಳಿ. ರಾತ್ರಿ ಒಬ್ಬನೇ ಓಡಿಸೋದಾದ್ರೆ ನಾನು ಬೇಡ ಅಂತಲೇ ಹೇಳ್ತೀನಿ.

ಫ್ಲೈಟ್ ಹಾರೋದು ಒಂದು ಗಂಟೆ ಚಿಲ್ಲರೆ. ಆದ್ರೆ ಜಯನಗರದಿಂದ ದೇವನಹಳ್ಳಿ ತಲುಪೋದಕ್ಕೇ ಒಂದೂವರೆ-ಎರಡು ಗಂಟೆ, ಸೆಕ್ಯುರಿಟಿ ಅದು ಇದು ಅಂತ ಇನ್ನೂ ಒಂದೂವರೆ. ಮನೆಯಿಂದ ಮನೆಗೆ ಲೆಕ್ಕ ಹಾಕಿದ್ರೆ ಐದು ಗಂಟೆ, ಐದೂ ಎಚ್ಚರವಾಗಿರೋ ಗಂಟೆಗಳು. ರಾತ್ರಿ ರೈಲು ಎಂಟು ಗಂಟೆ ತಗೊಂಡ್ರೂ ನೀವು ಹೇಗಿದ್ರೂ ಮಲಗ್ತಿದ್ದ ಹೊತ್ತನ್ನೇ ತಗೊಳ್ಳುತ್ತೆ. ಜೊತೆಗೆ ಲಗೇಜು: ಫ್ಲೈಟಲ್ಲಿ ಸಾಮಾನ್ಯವಾಗಿ 15 ಕೆ.ಜಿ., ಸ್ಲೀಪರ್‌ನಲ್ಲಿ 40. ವಾಪಸ್ ಬರುವಾಗ ಅಮ್ಮ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡ್ತಾರಲ್ಲ, ಆಗ ಇದು ಸಣ್ಣ ವಿಷಯ ಅಲ್ಲ.

ರೈಲು ನಿಧಾನ ಯಾಕೆ ಅಂತ ಕೇಳ್ತೀರ. ಒಂದು ಕಾರಣ, ಅದು ಸುತ್ತಿಕೊಂಡು ಹೋಗುತ್ತೆ. ರಸ್ತೆ ತುಮಕೂರಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋದ್ರೆ, ಹಳಿ ಅರಸೀಕೆರೆ, ಬೀರೂರು ಕಡೆ ತಿರುಗಿ ದಾವಣಗೆರೆ ಸೇರುತ್ತೆ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗದ ಯೋಜನೆ ವರ್ಷಗಳಿಂದ ನಡೀತಾನೇ ಇದೆ.

ಈಗ ಅಸಲಿ ವಿಷಯ. ಹಬ್ಬಕ್ಕೆ ಎಲ್ಲರಿಗೂ ಒಂದೇ ದಿನ ಊರಿಗೆ ಹೋಗಬೇಕು, ಸೀಟು ಕಮ್ಮಿ. ಫ್ಲೈಟು, ಖಾಸಗಿ ಬಸ್ಸು ಇದನ್ನ ರೇಟ್ ಏರಿಸಿ ಬಗೆಹರಿಸ್ತವೆ, ದುಡ್ಡಿದ್ದೋರಿಗೆ ಸೀಟು. ನಮ್ಮ ಮಾಮೂಲಿ ಎಕ್ಸ್‌ಪ್ರೆಸ್ ರೈಲಿನ ದರ ಹಬ್ಬಕ್ಕೂ ಅದೇ. ಬೆಲೆ ಏರದಿದ್ರೆ ಕ್ಯೂ ಬೆಳೆಯುತ್ತೆ. ಅಲ್ಲಿ ಸೀಟು ಸಿಗೋದು ಮುಂಚೆ ಬಂದೋರಿಗೆ.

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60ಕ್ಕೆ ಇಳಿದಿದೆ. ಆದ್ರೆ ಎರಡು ತಿಂಗಳ ಮುಂಚೆ ತನ್ನ ರಜೆ ಗೊತ್ತಿರೋದು ಯಾರಿಗೆ ಹೇಳಿ? ಐಟಿ ಉದ್ಯೋಗಿಗೆ ಗೊತ್ತಿರಬಹುದು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋ ಅಕ್ಕನಿಗೆ, ಸೆಕ್ಯುರಿಟಿ ಗಾರ್ಡ್‌ಗೆ ರಜೆ ಖಚಿತ ಆಗೋದೇ ಹಿಂದಿನ ವಾರ. ಟಿಕೆಟ್ ಅಗ್ಗ ಇದ್ರೂ ಅವರ ಪಾಲಿಗೆ ಉಳಿಯೋದು ಜನರಲ್ ಬೋಗಿಯ ಬಾಗಿಲು, ಇಲ್ಲಾ ದುಪ್ಪಟ್ಟು ರೇಟಿನ ಬಸ್ಸು. ಇದಕ್ಕೆ ಆ್ಯಪ್‌ನಲ್ಲಿ ಪರಿಹಾರ ಇಲ್ಲ. ಹೆಚ್ಚು ರೈಲು, ಹೆಚ್ಚು ಜನರಲ್ ಬೋಗಿ ಬೇಕು, ಅಷ್ಟೇ.

ರಜೆ ಗೊತ್ತಿರೋರು ಇಷ್ಟು ಮಾಡಿ. ದೀಪಾವಳಿ ಪ್ರಯಾಣದ ಬುಕಿಂಗ್ ಸಾಮಾನ್ಯವಾಗಿ ಗಣೇಶ ಹಬ್ಬಕ್ಕೆ ಒಂದು ವಾರ ಮುಂಚೆಯೇ ತೆರೆಯುತ್ತೆ, ಬೆಳಿಗ್ಗೆ 8ಕ್ಕೆ. ಏರಿಯಾದ ಹುಡುಗರು ಗಣಪನಿಗೆ ಚಂದಾ ಎತ್ತೋಕೆ ಬಂದ್ರು ಅಂದ್ರೆ ಟಿಕೆಟ್ ನೆನಪು ಮಾಡ್ಕೊಳ್ಳಿ. ವೇಟಿಂಗ್ ಬಂದ್ರೆ ನಂಬರ್ ಮಾತ್ರ ನೋಡಬೇಡಿ, ಮುಂದಿರೋ ಅಕ್ಷರಗಳನ್ನೂ ನೋಡಿ. ಜಿಎನ್‌ಡಬ್ಲ್ಯುಎಲ್ ಇದ್ರೆ ಕನ್‌ಫರ್ಮ್ ಆಗೋ ಸಾಧ್ಯತೆ ಜಾಸ್ತಿ. ಪಿಕ್ಯುಡಬ್ಲ್ಯುಎಲ್ ಇದ್ರೆ ಅದೇ ನಂಬರ್‌ಗೂ ಆಸೆ ಕಮ್ಮಿ, ಯಾಕಂದ್ರೆ ಅದು ಹಲವು ಊರಿನೋರು ಹಂಚಿಕೊಳ್ಳೋ ಸಣ್ಣ ಕೋಟಾ. ದೂರ ಹೋಗೋ ರೈಲಲ್ಲಿ ನಡುವಿನ ಊರಿಗೆ ಟಿಕೆಟ್ ತಗೊಂಡಾಗ ಇದು ಬರುತ್ತೆ. ಅದಕ್ಕೇ ಮೊದಲು ಹುಬ್ಬಳ್ಳಿಯಲ್ಲೇ ಕೊನೆಯಾಗೋ ರೈಲು ಹುಡುಕಿ. ಆರ್‌ಎಸಿ ಬಂದ್ರೆ ಧೈರ್ಯವಾಗಿ ಹತ್ತಿ. ಸೈಡ್ ಲೋಯರ್‌ನಲ್ಲಿ ಇಬ್ಬರು ಕೂತ್ಕೊಂಡಾದ್ರೂ ಊರು ಸೇರಬಹುದು.

ಕೊನೆಗೆ ತತ್ಕಾಲ್: ಹಿಂದಿನ ದಿನ ಬೆಳಿಗ್ಗೆ 10ಕ್ಕೆ ಎಸಿ, 11ಕ್ಕೆ ಸ್ಲೀಪರ್. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಖಾತೆಯ ಆಧಾರ್ ದೃಢೀಕರಣ ಕಡ್ಡಾಯ. ಅದನ್ನ 9:58ಕ್ಕೆ ಮಾಡೋಕೆ ಕೂರಬೇಡಿ, ಇವತ್ತೇ ಮುಗಿಸಿ.

ಶಿರಸಿಯವರು ಬೈಬೇಡಿ. ನಿಮ್ಮೂರಿಗೆ ರೈಲೇ ಇಲ್ಲ, ಗೊತ್ತು. ನಿಮ್ಮ ಬಸ್ಸಿನ ಕಥೆ ಮುಂದಿನ ವಾರ.